ನಿಲ್ಲಿಸಿ ಅನ್ನುತ್ತಿದ್ದವನು

ಓರುರೊ
ನವೆಂಬರ್ 14, ಶುಕ್ರವಾರ

ಪ್ರೀತಿಯ ಅಣ್ಣ ಫ್ರೊಯ್ಲಾನ್,

ಭಾನುವಾರ ನೀನು ಫೋನ್ ಮಾಡಿದಾಗಲೆಲ್ಲ ಅಮ್ಮ ಕೊನೆಯಲ್ಲಿ ನನ್ನ ಕೈಗೆ ಕೊಡುತ್ತಾಳೆ. ನಾನು "ಹ್ಞೂಂ, ಚೆನ್ನಾಗಿದೀನಿ, ನೀನು?" ಎಂದು ಕೇಳಿ, ನಿನ್ನ ಉತ್ತರ ಮುಗಿಯುವ ಮೊದಲೇ ವಾಪಸ್ ಕೊಟ್ಟುಬಿಡುತ್ತೇನೆ. ಕೋಪ ಎಂದುಕೊಳ್ಳಬೇಡ. ಫೋನಿನಲ್ಲಿ ನನಗೆ ಮಾತು ಹೊರಡುವುದಿಲ್ಲ ಎಂದು ನಿನಗಿಂತ ಚೆನ್ನಾಗಿ ಬಲ್ಲವರು ಯಾರು? ಬಸ್ ನಿಲ್ದಾಣದಲ್ಲಿ "ಕಾಗದ ಬರೀತೀನಿ" ಎಂದಿದ್ದೆ. ನೀನು ಹೋದದ್ದು ಸೆಪ್ಟೆಂಬರಿನಲ್ಲಿ, ನಾನು ಬರೆಯುತ್ತಿರುವುದು ಈಗ. ಶುರು ಮಾಡಿದ್ದನ್ನು ಹರಿದು ಒಲೆಗೆ ಹಾಕಿದ್ದೂ ಉಂಟು. ಆರನೇ ತರಗತಿಗೆ ಓದು ಮುಗಿಸಿದವಳ ಕಾಗದ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವನ ಕೈಗೆ ಹೋಗುತ್ತದಲ್ಲ ಎಂಬ ನಾಚಿಕೆ. ಆಮೇಲೆ, ಹೋಗುವುದು ನನ್ನ ಅಣ್ಣನ ಕೈಗೆ ತಾನೆ ಎಂದುಕೊಂಡೆ. ತಪ್ಪಿದ್ದರೆ ತಿದ್ದಿಕೊಂಡು ಓದು. ನಗಬೇಡ ಎನ್ನುವುದಿಲ್ಲ, ನಕ್ಕರೆ ಒಬ್ಬನೇ ಇರುವಾಗ ನಗು.

ಈ ಕಾಗದ ಗಡಿಯಾಚೆ ಆರಿಕಾಗೆ ಹೊರಡುವ ಬಸ್ಸಿನ ಪೊಟ್ಟಣದಲ್ಲಿ ಬರುತ್ತಿದೆ. ಒಣಗಿಸಿದ ಲಾಮಾ ಮಾಂಸ ಇದೆ, ಹಿಮದಲ್ಲಿ ಒಣಗಿಸಿದ ಆಲೂಗಡ್ಡೆ ಇದೆ, ಅಮ್ಮನ ಕೈಯ ಉಣ್ಣೆಯ ಕಾಲುಚೀಲ ಇದೆ. "ಆ ಕಣಿವೆಯಲ್ಲಿ ಸೆಖೆ ಅಂತ ಅವನೇ ಹೇಳಿದಾನಲ್ಲಮ್ಮಾ" ಎಂದೆ. "ಸೆಖೆ ಹಗಲಿಗೆ ಕಣೇ. ಟೊಮೆಟೊ ಕಿತ್ತು ಕಿತ್ತು ಕಾಲು ತಣ್ಣಗಾಗಿರತ್ತೆ. ಕಾಲುಚೀಲ ಬೇಡ ಅಂದೋರು ಯಾರಾದ್ರೂ ಬದುಕಿದಾರಾ?" ಎಂದಳು. ಅವಳಿಗೆ ಮೊಣಕಾಲು ನೋವು ಈಗಲೂ ಇದೆ, ಕೇಳಿದರೆ ಇಲ್ಲ ಎನ್ನುತ್ತಾಳೆ. ನಮ್ಮ ಬೀದಿಯಲ್ಲಿ ಕಾರ್ನಿವಲ್ ತಾಲೀಮು ಶುರುವಾಗಿದೆ. ಸಂಜೆಯಾದರೆ ಬ್ಯಾಂಡಿನವರು ಅಂಗಡಿಯ ಮುಂದೆಯೇ ನಿಂತು ತುತ್ತೂರಿ ಊದುತ್ತಾರೆ, ಕಡಾಯಿಯ ಎಣ್ಣೆಯ ಮೇಲೆ ನಡುಕ ಕಾಣುತ್ತದೆ. ಅಮ್ಮ ಹೊರಗೆ ಹೋಗಿ ಬೈದು ಬರುತ್ತಾಳೆ, ಬೈದವರಿಗೇ ಮೆಕ್ಕೆಜೋಳದ ಬಿಸಿ ಆಪಿಯನ್ನು ಲೋಟಕ್ಕೆ ಹೊಯ್ದು ಮಾರಿ ಬರುತ್ತಾಳೆ.

ಸತ್ತವರ ಹಬ್ಬಕ್ಕೆ ಅಪ್ಪನಿಗೆ ಮೇಜು ಹಾಕಿದೆವು. ಸ್ವರ್ಗ ಹತ್ತಲು ರೊಟ್ಟಿಯ ಏಣಿ ಪ್ರತಿ ವರ್ಷ ನೀನೇ ಮಾಡುತ್ತಿದ್ದೆ, ಈ ಸಲ ನಾನು ಮಾಡಿದೆ. ಒಲೆಯಲ್ಲಿ ಒಂದು ಮೆಟ್ಟಿಲು ಉಬ್ಬಿ ಇನ್ನೊಂದಕ್ಕೆ ಅಂಟಿಕೊಂಡಿತು. "ಪರವಾಗಿಲ್ಲ, ನಿಮ್ಮಪ್ಪ ಬಸ್ಸಿನಲ್ಲೂ ಮೆಟ್ಟಿಲು ಬಿಟ್ಟೇ ಹತ್ತುತ್ತಿದ್ದ" ಎಂದಳು ಅಮ್ಮ.

ಆ ದಿನವೇ ಗ್ರೋವರ್ ಬಂದ. ಅವನ ವಿಷಯ ಹೇಳಲಿಕ್ಕೇ ಈ ಕಾಗದ ಹಿಡಿದದ್ದು, ಸುತ್ತಿ ಸುತ್ತಿ ಬರುತ್ತಿದ್ದೇನೆ.

ನೀನು ಹೋದ ಮೇಲೆ, ಸಂಜೆ ನಿನ್ನ ಜೊತೆ ಓದಲು ಬರುತ್ತಿದ್ದ ಆ ಮೂವರೂ ನಮ್ಮ ಅಂಗಡಿಗೆ ಬರುವುದನ್ನು ನಿಲ್ಲಿಸಿದ್ದರು. ಸುಲ್ಮಾಳ ಚಿಕ್ಕಮ್ಮನ ಮನೆಯಲ್ಲಿ ದೊಡ್ಡ ಟಿವಿ ಇದೆ, ಅಲ್ಲಿ ಎಣ್ಣೆ ಹೊಗೆ ಇಲ್ಲ ಎಂದರು. ಈಗ ಗ್ರೋವರ್ ಒಬ್ಬನೇ ಬಂದು ಅಪ್ಪನ ಮೇಜಿನ ಮುಂದೆ ಮಂಡಿಯೂರಿ ಗಟ್ಟಿಯಾಗಿ ಪ್ರಾರ್ಥಿಸಿದ. ರೊಟ್ಟಿಯ ಮೇಲೆ ಕಣ್ಣಿಟ್ಟು ಪ್ರಾರ್ಥಿಸುವ ಬೀದಿ ಮಕ್ಕಳಿಗಿಂತ ಗಟ್ಟಿಯಾಗಿ. ಎದ್ದು ಟೋಪಿ ಕೈಯಲ್ಲಿ ಹಿಡಿದು, "ದೋನ್ಯಾ ಸೆನೋಬಿಯಾ, ಆರಿಕಾಗೆ ಹೋದೋರಿಗೂ ಒಂದು ಪ್ರಾರ್ಥನೆ ಮಾಡಬಹುದಾ?" ಎಂದು ಕೇಳಿದ.

"ಅವನು ಸತ್ತಿಲ್ಲ ಕಣೋ, ಟೊಮೆಟೊ ಕೀಳ್ತಿದಾನೆ" ಎಂದಳು ಅಮ್ಮ.

"ಗೊತ್ತಮ್ಮಾ. ಸತ್ತಿರೋದು ನಾವು."

ಅವನು ನಗಲಿಲ್ಲ. ಗ್ರೋವರ್ ತನ್ನ ಮಾತಿಗೆ ತಾನೇ ಮೊದಲು ನಗುವವನಲ್ಲವೇ? ಅದಕ್ಕೇ ಏನೋ ಆಗಿದೆ ಎಂದು ನನಗೆ ತಿಳಿಯಿತು. ಕಲನಶಾಸ್ತ್ರದ ಕೊನೆಯ ಪರೀಕ್ಷೆಯ ಫಲಿತಾಂಶ ಬಂದಿತ್ತು. ಮೂವರೂ ಬಿದ್ದಿದ್ದಾರೆ ಅಣ್ಣ. ಗ್ರೋವರ್ ಬಿದ್ದ, ಸುಲ್ಮಾ ಬಿದ್ದಳು, ಲಿಂಬರ್ಟ್ ಕೂಡ ಬಿದ್ದ.

ನಿನಗೆ ಸಂತೋಷವಾಗುತ್ತದೆ ಎಂದು ಇದನ್ನು ಬರೆಯುತ್ತಿಲ್ಲ. ನನಗೆ ಮಾತ್ರ ಒಂದು ಗಳಿಗೆ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಅವನ ಮುಖ ನೋಡಿ ಆಪಿ ಬಿಸಿ ಮಾಡಿಕೊಟ್ಟೆ.

ಅವನು ಬಂದು ಹೋದ ಮೇಲೆ ಆ ಸಂಜೆಗಳೆಲ್ಲ ಮನಸ್ಸಿನಲ್ಲಿ ಮತ್ತೆ ಓಡಿದವು. ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ, ಬೇಸರಪಡಬೇಡ. ನೀನು ಅಂಗಡಿಯಲ್ಲಿ ಅವರ ಜೊತೆ ಟಿವಿಗೆ ಮುಖ ಮಾಡಿ ಕೂರುತ್ತಿದ್ದೆ. ನಾನು ಕಡಾಯಿಯ ಹಿಂದಿನಿಂದ ನಿಮ್ಮೆಲ್ಲರ ಬೆನ್ನು ನೋಡುತ್ತಿದ್ದೆ. ಬೆನ್ನುಗಳೂ ಬಹಳ ಹೇಳುತ್ತವೆ.

ಮೊದಲ ದಿನ ಲಿಂಬರ್ಟ್ ತಂತಿ ತಂದು ತನ್ನ ಫೋನನ್ನು, ಗಿರಾಕಿಗಳು ಫುಟ್‌ಬಾಲ್ ನೋಡುವ ನಮ್ಮ ಟಿವಿಗೆ ಸಿಕ್ಕಿಸಿದ. ತರಗತಿಯಲ್ಲಿ ಜಾಗವಿಲ್ಲದೆ ಕಿಟಕಿಯ ಮೇಲೆ ಕೂತು ಕೇಳುತ್ತೀರಿ, ಪ್ರೊಫೆಸರ್ ಹಲಗೆಯ ಜೊತೆ ಮಾತಾಡುತ್ತಾರೆಯೇ ಹೊರತು ನಿಮ್ಮ ಜೊತೆ ಅಲ್ಲ ಎಂದು ನೀನು ಹೇಳಿದ್ದೆ. ಟಿವಿಯಲ್ಲಿ ಬಂದವಳು ಮೆಕ್ಸಿಕೊದ ಯಾವುದೋ ಊರಿನ ಮೇಷ್ಟ್ರಮ್ಮ. ಅವಳ ಅಡುಗೆಮನೆಯಲ್ಲೇ ಹಲಗೆ. ಹಿಂದೆ ಪಾತ್ರೆಗಳು, ಎಲ್ಲೋ ಹೊರಗೆ ಒಂದು ಹುಂಜ. ಒಂದು ಸಾಲು ಬರೆದು ತಿರುಗಿ "ಕಾಣ್ತಿದೆಯಾ ಮಕ್ಕಳೇ?" ಎಂದು ಕೇಳಿದಳು. ಅಮ್ಮ ಹಿಟ್ಟು ನಾದುತ್ತ "ಕಾಣ್ತಿದೆಯಮ್ಮಾ, ಸ್ವಲ್ಪ ಪಕ್ಕಕ್ಕೆ ಸರಿ" ಎಂದಳು. ಅಂದು ಎಲ್ಲರೂ ನಕ್ಕಿದ್ದು ನೆನಪಿದೆಯಾ?

ನಿಯಮ ಮಾಡಿದ್ದು ಗ್ರೋವರ್. "ಅಪ್ತಾಪಿ ಥರ ಮಾಡೋಣ" ಎಂದ. ಅಪ್ತಾಪಿಯಲ್ಲಿ ಎಲ್ಲರೂ ಮನೆಯಿಂದ ತಂದದ್ದನ್ನು ನೆಲದ ಮೇಲೆ ಒಂದೇ ಬಟ್ಟೆಗೆ ಸುರಿದು ಹಂಚಿಕೊಂಡು ತಿನ್ನುತ್ತೇವಲ್ಲ, ಹಾಗೆ ತಲೆಯಲ್ಲಿರುವುದನ್ನೂ ಸುರಿಯಬೇಕು ಎಂದ. "ಅರ್ಥ ಆಗದೆ ಇದ್ರೆ 'ನಿಲ್ಲಿಸಿ' ಅನ್ನಿ. ಅಂದೋರು ನಾಚಿಕೋಬೇಕಿಲ್ಲ. ಬೇರೆ ಒಬ್ರು ಎದ್ದು ತಮ್ಮ ಮಾತಲ್ಲಿ ಹೇಳ್ಬೇಕು. ಎದ್ದೋರಿಗೆ ಹೇಳೋಕೆ ಬರಲಿಲ್ವಾ, ಲೋಟ ಎಲ್ಲಾ ಅವರೇ ತೊಳೀಬೇಕು."

ಆ ನಿಯಮದಿಂದ ಅಮ್ಮನಿಗೆ ಎಷ್ಟು ಖುಷಿ! ನೀನು ಒಂದೇ ಸಂಜೆ ಮತ್ತೆ ಮತ್ತೆ "ನಿಲ್ಲಿಸಿ" ಎನ್ನುತ್ತಿದ್ದೆ. ಲಿಂಬರ್ಟ್ ಎದ್ದು ಗಂಭೀರವಾಗಿ ಶುರು ಮಾಡಿ ನಡುವೆ ಸಿಕ್ಕಿಹಾಕಿಕೊಂಡು ಅಂಗಿಯ ತೋಳು ಮಡಚಿಕೊಂಡು ನೀರಿನ ತೊಟ್ಟಿಗೆ ಹೋಗುತ್ತಿದ್ದ. "ಕೇಳು ಮಗನೇ, ಇನ್ನೂ ಕೇಳು. ಲೋಟಗಳು ಮದುವೆ ಮನೇಲಿರೋ ಥರ ಹೊಳೀತಿವೆ" ಎನ್ನುತ್ತಿದ್ದಳು ಅಮ್ಮ. ಆ ನೀರು ಎಷ್ಟು ಕೊರೆಯುತ್ತದೆ ಎಂದು ನಮಗೆ ಗೊತ್ತು. ಅದಕ್ಕೇ ಅವರು ಮಾರನೆಯ ದಿನ ಓದಿಕೊಂಡು ಬರುತ್ತಿದ್ದರು. ನೀನು ಎಲ್ಲಿ ನಿಲ್ಲಿಸುತ್ತೀಯೋ ಎಂಬ ಹೆದರಿಕೆಗೆ.

ನೀನು "ನಿಲ್ಲಿಸಿ" ಎಂದದ್ದರಲ್ಲಿ ಅರ್ಧ ನನಗಾಗಿ ಎಂದು ನಮ್ಮಿಬ್ಬರಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಅದು ಶುರುವಾದದ್ದೂ ಮಾತಿಲ್ಲದೆ. ಒಂದು ಸಂಜೆ ನೀನು ಲೋಟ ಇಡಲು ತಿರುಗಿದಾಗ ನಾನು ಪಾಸ್ತೆಲ್ ಕರಿಯುವುದನ್ನು ಮರೆತು ಟಿವಿಯನ್ನೇ ನೋಡುತ್ತಿದ್ದೆ. ನನ್ನ ಮುಖದಲ್ಲಿ ಏನು ಕಂಡೆಯೋ, ಕೂತು "ನಿಲ್ಲಿಸಿ" ಎಂದೆ. ಕೇಳಿದ್ದು ನನ್ನ ತಲೆಯಲ್ಲಿದ್ದ ಪ್ರಶ್ನೆಯನ್ನೇ. ಆಮೇಲೆ ನಾನು ಜಾಲರಿ ಸೌಟನ್ನು ಕಡಾಯಿಯ ಅಂಚಿಗೆ ತಟ್ಟಿದರೆ ನೀನು ನಿಲ್ಲಿಸುತ್ತಿದ್ದೆ. ಎಣ್ಣೆ ಸೋರಿಸುವ ಸದ್ದು ಎಂದೇ ಎಲ್ಲರೂ ತಿಳಿದಿದ್ದರು. ಎಲ್ಲಿ ತಪ್ಪಿಹೋಯಿತು ಎಂದು ನೀನೇ ಊಹಿಸಿ ಕೇಳುತ್ತಿದ್ದೆ, ಹೆಚ್ಚಾಗಿ ಸರಿಯಾಗಿಯೇ ಊಹಿಸುತ್ತಿದ್ದೆ. ಕೆಲವು ಸಲ ಉತ್ತರ ನಿನಗೆ ಗೊತ್ತಿರುತ್ತಿತ್ತು. ಬೆಳಿಗ್ಗೆ ಹಿಟ್ಟಿನ ಹಲಗೆಯ ಮೇಲೆ ಬೆರಳಿನಲ್ಲಿ ಬರೆದು ತೋರಿಸುತ್ತಿದ್ದೆಯಲ್ಲ. ಆದರೂ ಸಂಜೆ ಏನೂ ತಿಳಿಯದವನ ಹಾಗೆ ಅವರ ಮುಂದೆ ಕೇಳುತ್ತಿದ್ದೆ. ನಾನು ಅವರ ಬಾಯಿಂದಲೂ ಕೇಳಲಿ ಎಂದಿರಬೇಕು. ನನಗೆ ಅದರಿಂದ ಏನು ಉಪಯೋಗ ಎಂದು ನೀನು ಒಂದು ದಿನವೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಒಂದು ವಿಷಯ ಮಂಜಿನಂತಿದ್ದದ್ದು ಬಿಡಿಸಿಕೊಂಡು ಕಾಣುವಾಗ ಆಗುವ ಸುಖಕ್ಕೆ ಉಪಯೋಗ ಬೇಕಾ?

ಆ ಪಟ್ಟಿಗಳ ಸಂಜೆ ನಿನಗೆ ಖಂಡಿತ ನೆನಪಿರುತ್ತದೆ. ಮೇಷ್ಟ್ರಮ್ಮ ಡೊಂಕು ಗೆರೆಯ ಕೆಳಗಿನ ಜಾಗವನ್ನು ಅಳೆಯಲು ಅದನ್ನು ಉದ್ದುದ್ದ ಪಟ್ಟಿಗಳಾಗಿ ಸೀಳಿದಳು. ಪಟ್ಟಿ ಸಣ್ಣದಾದಷ್ಟೂ ಅಳತೆ ಸರಿಯಾಗುತ್ತದೆ, ಇನ್ನೂ ಸಣ್ಣ, ಇನ್ನೂ ಸಣ್ಣ ಎಂದಳು. ಹಿಟ್ಟು ನಾದುವಾಗ ನಾನು ಕೇಳಿದ್ದನ್ನು ನೀನು ಸಂಜೆ ಕೇಳಿದೆ.

"ನಿಲ್ಲಿಸಿ. ಪಟ್ಟಿ ಸಣ್ಣ ಮಾಡ್ತಾ ಮಾಡ್ತಾ ಕೊನೆಗೆ ಅಗಲ ಸೊನ್ನೆ ಆಗತ್ತಲ್ಲ. ಸೊನ್ನೆ ಅಗಲದ್ದು ಎಷ್ಟು ಜೋಡಿಸಿದ್ರೂ ಸೊನ್ನೆನೇ. ಹಾಗಾದ್ರೆ ಜಾಗ ಎಲ್ಲಿಂದ ಬಂತು?"

"ಲೇ, ನಿಮ್ಮಮ್ಮ ಹಿಟ್ಟನ್ನ ಅಷ್ಟು ತೆಳ್ಳಗೆ ಲಟ್ಟಿಸಿದ್ರೆ ಪಾಸ್ತೆಲೇ ಇರಲ್ಲ ಅಂತೀಯಾ?" ಎಂದ ಗ್ರೋವರ್.

ಸುಲ್ಮಾ ಜಡೆ ಹಿಂದಕ್ಕೆಸೆದು ಎದ್ದಳು. "ಸೊನ್ನೆ ಆಗಲ್ಲ ಫ್ರೊಯ್ಲಾನ್, ಸೊನ್ನೆ ಹತ್ರ ಹೋಗತ್ತೆ."

"ಎಷ್ಟು ಹತ್ರ?"

"ನಿಂಗೆ ಬೇಕಾದಷ್ಟು ಹತ್ರ."

"ನಂಗೆ ಬೇಕಾದಷ್ಟು ಅಂದ್ರೆ? ಲೆಕ್ಕ ನನ್ನ ಇಷ್ಟದ ಮೇಲೆ ನಿಂತಿರತ್ತಾ?"

ಸುಲ್ಮಾ ಲೋಟಗಳನ್ನು ಎತ್ತಿಕೊಂಡು ತೊಟ್ಟಿಗೆ ಹೋದಳು. ಆಮೇಲೆ ಲಿಂಬರ್ಟ್ ಎದ್ದ, ಆಮೇಲೆ ಗ್ರೋವರ್. ಮೇಷ್ಟ್ರಮ್ಮ ಬಾಯಿ ಅರ್ಧ ತೆರೆದುಕೊಂಡು ಟಿವಿಯಲ್ಲಿ ಹಾಗೇ ನಿಂತಿದ್ದಳು. ಅಂಗಡಿ ಮುಚ್ಚುವ ಹೊತ್ತಿಗೂ ಪಾಠ ಅಲ್ಲೇ ಇತ್ತು. ಎಲ್ಲರೂ ಲೋಟ ತೊಳೆದಿದ್ದರು. ತೊಳೆದ ಲೋಟವನ್ನೇ ಮತ್ತೆ ತೊಳೆದಿದ್ದರು. "ಇದು ಪರೀಕ್ಷೆಗೆ ಬರಲ್ಲ" ಎಂದು ಲಿಂಬರ್ಟ್ ಕೈ ಒರೆಸಿಕೊಂಡ. ಅವನ ಬೆನ್ನು ಆಗಲೇ ಬಿಗಿದಿತ್ತು.

ಮಾರನೆಯ ಸಂಜೆ ಅವನು ಪಾಠದ ವೇಗ ಹೆಚ್ಚಿಸಿದ. ಪರೀಕ್ಷೆ ಹತ್ತಿರ ಬಂತು, ಪಾಠಗಳು ರಾಶಿ ಉಳಿದಿವೆ ಎಂದು ಸುಲ್ಮಾಳೂ ತಲೆಯಾಡಿಸಿದಳು. ಮೇಷ್ಟ್ರಮ್ಮನ ದನಿ ಪುಟ್ಟ ಹುಡುಗಿಯದಾಯಿತು, ಹುಂಜ ಇಲಿಯ ಹಾಗೆ ಕೀಚುಗುಟ್ಟಿತು. ನಾನು ಹಲಗೆಯನ್ನು ಹಿಂಬಾಲಿಸುವುದನ್ನೇ ಬಿಟ್ಟೆ. ಕಡಾಯಿಯಲ್ಲಿ ಪಾಸ್ತೆಲ್ ಉಬ್ಬುವುದನ್ನು ನೋಡುತ್ತಿದ್ದೆ. ಆಗ ನೀನು "ನಿಲ್ಲಿಸಿ" ಎಂದೆ.

ನಾನು ಸೌಟು ತಟ್ಟಿರಲಿಲ್ಲ ಅಣ್ಣ. ಅದು ನಿನ್ನದೇ. ಅಂದು ನೀನು ನಿನಗಾಗಿ ಕೇಳಿದ್ದೆ.

ಲಿಂಬರ್ಟ್ ನಿಲ್ಲಿಸಲಿಲ್ಲ. ಪಾಠ ಓಡುತ್ತಲೇ ಇತ್ತು, ಅವನು ಅದರ ಮೇಲೆ ಮಾತಾಡಿದ. "ಫ್ರೊಯ್ಲಾನ್, ತಪ್ಪು ತಿಳ್ಕೋಬೇಡಪ್ಪ. ನೀನು ಹಳೇ ಪಾಠಗಳನ್ನ ಮನೇಲಿ ಒಬ್ಬನೇ ನಿಧಾನಕ್ಕೆ ನೋಡ್ಕೊಂಡು ಬಾ. ಆಮೇಲೆ ನಮ್ಮ ಜೊತೆ ಸೇರ್ಕೋ. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು."

ನೀನು ನಗುತ್ತಲೇ ಎದ್ದೆ. "ಇರಲಿ ಬಿಡ್ರೋ. ನಂಗೂ ಈ ಓದು ಅಷ್ಟೇನೂ ಇಷ್ಟ ಇಲ್ಲ. ಆರಿಕಾಗೆ ಬಾ ಅಂತ ನನ್ನ ಗೆಳೆಯ ಕರೀತಾನೇ ಇದಾನೆ" ಎಂದೆ. ಅವರು ನಂಬಿದರು. ನಂಬುವುದು ಅವರಿಗೆ ಅನುಕೂಲವಾಗಿತ್ತು. ಅಂದು ನೀನು ಹೇಳಿದ ದನಿ ನನಗೆ ಮರೆಯುವುದಿಲ್ಲ. ಅದರ ವಿಷಯ ಆಮೇಲೆ ಬರೆಯುತ್ತೇನೆ, ಧೈರ್ಯ ಬಂದರೆ.

ಈಗ ಗ್ರೋವರನ ಮಾತಿಗೆ ಬರುತ್ತೇನೆ. ಆಪಿ ಕುಡಿಯುತ್ತ ಅವನು ಹೇಳಿದ. "ನೀನಿಲ್ಲದೆ ಪಾಠ ಎಷ್ಟು ಚೆನ್ನಾಗಿ ಓಡ್ತು ಗೊತ್ತಾ ಅಂತ ಅವನಿಗೆ ಬರೀಬೇಕು ಅನ್ಕೊಂಡಿದ್ದೆ ನೆಲ್ವಾ. ಒಂದು ಸಲಾನೂ ನಿಲ್ಲಲಿಲ್ಲ. ಎಲ್ಲಾ ನೋಡಿ ಮುಗಿಸಿದ್ವಿ. ಎಲ್ಲರೂ ತಲೆಯಾಡಿಸ್ತಾ ಇದ್ವಿ. ಪರೀಕ್ಷೆಗೆ ಕೂತ್ರೆ, ಒಂದೊಂದು ಲೆಕ್ಕಾನೂ ನೋಡಿದ ಮುಖದ ಹಾಗೇ ಇತ್ತು. ಒಂದರ ಹೆಸರೂ ಗೊತ್ತಿಲ್ಲ."

ಲೋಟ ಕೆಳಗಿಟ್ಟು, "ನಮಗೆ ಮಾಡೋಕೆ ಬಂದ ಲೆಕ್ಕಗಳು ಯಾವುವು ಗೊತ್ತಾ? ಇಲ್ಲಿ ಎದ್ದು ನಿಂತು ಅವನಿಗೆ ಹೇಳಿದ್ವಲ್ಲ, ಅವು ಮಾತ್ರ" ಎಂದ.

ಮಾರನೆಯ ದಿನ ಅವನು ಲಿಂಬರ್ಟನನ್ನೂ ಸುಲ್ಮಾಳನ್ನೂ ಕರೆದುಕೊಂಡು ಬಂದ. ಲಿಂಬರ್ಟ್ ಬಾಗಿಲಲ್ಲೇ ನಿಂತು ಅಮ್ಮನಿಗೆ ನಮಸ್ಕಾರ ಹೇಳಿದ. ಅಮ್ಮ "ಒಳಗೆ ಬಾ, ಗಾಳಿ ಬರ್ತಿದೆ" ಎಂದಳು, ಅಷ್ಟೆ. ಅವಳ ಸಿಟ್ಟು ನಿನಗೆ ಗೊತ್ತಲ್ಲ, ಗಾಳಿಯ ಮೇಲೆ ಹಾಕುತ್ತಾಳೆ. ಸುಲ್ಮಾ ಕೂತವಳೇ "ವೇಗ ಜಾಸ್ತಿ ಮಾಡು ಅಂತ ಲಿಂಬರ್ಟ್‌ಗೆ ಹೇಳಿದ್ದು ನಾನು" ಎಂದು ಅಳತೊಡಗಿದಳು. ಲಿಂಬರ್ಟ್ ಅಳಲಿಲ್ಲ. ಮೇಜಿನ ಮೇಲಿದ್ದ ಸಕ್ಕರೆ ಪುಡಿಯನ್ನು ಬೆರಳಿನಿಂದ ಒಂದು ಕಡೆ ಗುಡ್ಡೆ ಮಾಡುತ್ತ, "ನಾವು ಅವನಿಗೆ ತಲೆ ನಿಧಾನ ಅನ್ಕೊಂಡ್ವಿ. ಅವನ ನಿಧಾನದಿಂದಲೇ ನಾವು ಕಲೀತಿದ್ವಿ ಅಂತ ಹೊಳೀಲಿಲ್ಲ" ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಆದರೆ ನನಗೆ ಮೈ ಉರಿಯಿತು. ನನಗೇ ಆಶ್ಚರ್ಯವಾಗುವ ಹಾಗೆ ಕಡಾಯಿಯ ಹಿಂದಿನಿಂದ ದನಿ ಹೊರಟಿತು.

"ಅವನಿಗೆ ತಲೆ ನಿಧಾನ ಅಲ್ಲ. ಅವನಿಗೆ ಎಷ್ಟೋ ಸಲ ಗೊತ್ತಿತ್ತು. ಗೊತ್ತಿಲ್ಲದೆ ಇದ್ದಿದ್ದು ನನಗೆ. ನನಗೋಸ್ಕರ ಕೇಳ್ತಿದ್ದ."

ಎಲ್ಲರೂ ತಿರುಗಿದರು. ಇಷ್ಟು ದಿನ ಬೆನ್ನು ನೋಡಿದವಳಿಗೆ ಅಷ್ಟು ಮುಖಗಳು ಒಮ್ಮೆಲೇ! ಅಮ್ಮ ಕೂಡ ಹಿಟ್ಟಿನ ಕೈಯಲ್ಲೇ ನಿಂತಳು. ಪಾಸ್ತೆಲ್ ಒಂದು ಕರಕಲಾಯಿತು. "ಅಂದ್ರೆ ಆ ಪಟ್ಟಿ? ಸೊನ್ನೆ ಪಟ್ಟಿ?" ಎಂದು ಗ್ರೋವರ್ ಕೇಳಿದ. ನಾನು ತಲೆಯಾಡಿಸಿದೆ. "ಅಯ್ಯೋ ದೇವರೇ, ಆ ನೀರಲ್ಲಿ ನನ್ನ ಬೆರಳು ಸತ್ತುಹೋಗಿದ್ದು ನಿನ್ನಿಂದಾನಾ ತಾಯಿ!" ಎಂದು ತಲೆಯ ಮೇಲೆ ಕೈ ಹೊತ್ತ. ಆಗ ಎಲ್ಲರೂ ನಕ್ಕರು, ಸುಲ್ಮಾ ಅಳುತ್ತಲೇ ನಕ್ಕಳು. ನಾನು ಒಳಗೆ ಹೋಗಿ ನೀರಿನ ಡ್ರಮ್ಮಿನ ಪಕ್ಕ ಕೂತೆ. ನಮ್ಮಿಬ್ಬರದಾಗಿದ್ದದ್ದನ್ನು ನಿನ್ನನ್ನು ಕೇಳದೆ ಹೇಳಿಬಿಟ್ಟೆ. ಕೋಪ ಬಂದರೆ ಬರೆ.

ಈಗ ಅವರು ಮತ್ತೆ ನಮ್ಮಲ್ಲಿಗೇ ಬರುತ್ತಾರೆ. ಪಾಠ ಮಾಮೂಲಿ ವೇಗದಲ್ಲಿ ಓಡುತ್ತದೆ, ಮೇಷ್ಟ್ರಮ್ಮ ಮತ್ತೆ ದೊಡ್ಡ ಹೆಂಗಸಾಗಿದ್ದಾಳೆ. ನಾನೂ ಅವರ ಜೊತೆ ಮುಂದೆ ಕೂರಬೇಕೆಂದು ಸುಲ್ಮಾ ಕೈಹಿಡಿದು ಎಳೆದಳು. ಅಮ್ಮ "ಹೋಗು, ಪಾಸ್ತೆಲ್ ನಾನು ಕರೀತೀನಿ" ಎಂದಳು. ಕೂತೆ ಅಣ್ಣ. ಆದರೆ ಅವರು ಟಿವಿ ನೋಡುವುದನ್ನು ಬಿಟ್ಟು ಉಕ್ಕುವ ಹಾಲನ್ನು ಕಾಯುವವರ ಹಾಗೆ ನನ್ನ ಮುಖ ಕಾಯುತ್ತಾರೆ. ಹುಬ್ಬು ಸ್ವಲ್ಪ ಅಲುಗಿದರೆ ಲಿಂಬರ್ಟ್ ತಟ್ಟನೆ ನಿಲ್ಲಿಸಿ, "ಹೇಳು ನೆಲ್ವಾ, ಏನು ಗೊತ್ತಾಗಲಿಲ್ಲ? ಹೆದರಬೇಡ" ಎನ್ನುತ್ತಾನೆ. ಆ "ಹೆದರಬೇಡ" ಕೇಳಿದರೆ ಗೊತ್ತಿದ್ದದ್ದೂ ಮರೆತುಹೋಗುತ್ತದೆ. ನೀನು ಕೇಳುವಾಗ ಅದು ಅವರಲ್ಲೊಬ್ಬನ ಪ್ರಶ್ನೆ. ಅವರು ಬೈದುಕೊಂಡು, ನಕ್ಕು, ಜಗಳವಾಡಿ ಉತ್ತರ ಹುಡುಕುತ್ತಿದ್ದರು. ನಾನು ಕೇಳಿದರೆ ಪಾಪ ಎಂದು ಮೆಲ್ಲಗೆ ತಿಳಿಸಿ ಹೇಳುತ್ತಾರೆ. ಪಾಪ ಎಂದು ಹೇಳಿದ ಪಾಠ ಹೇಳಿದವರಿಗೂ ಅಂಟುವುದಿಲ್ಲ ಎಂದು ಕಾಣುತ್ತದೆ. ನಾನು ಮತ್ತೆ ಕಡಾಯಿಯ ಹಿಂದೆ ಬಂದೆ.

ಆಮೇಲೆ ಲಿಂಬರ್ಟ್ ಒಂದು ಉಪಾಯ ಮಾಡಿದ. ಒಬ್ಬೊಬ್ಬರು ಒಂದೊಂದು ದಿನ "ನಿಲ್ಲಿಸಿ" ಎನ್ನಬೇಕು. ಪಾಳಿಯ ಪ್ರಕಾರ ಅರ್ಥವಾಗದಿರುವುದು! ನೀನು ನೋಡಬೇಕಿತ್ತು. ಸುಲ್ಮಾಳ ಪಾಳಿಯ ದಿನ ಅವಳು ಚೆನ್ನಾಗಿ ಗೊತ್ತಿದ್ದದ್ದನ್ನೇ ಕೇಳಿ, ಗ್ರೋವರ್ ತಡವರಿಸಿದಾಗ ತಾನೇ ಹೇಳಿಕೊಟ್ಟಳು. "ನೀನೇ ಕೇಳಿ ನೀನೇ ಹೇಳೋದಾದ್ರೆ ನಾವ್ಯಾಕೆ, ಮನೇಲಿ ಕನ್ನಡಿ ಮುಂದೆ ಕೂರು" ಎಂದು ಅವನು ರೇಗಿದ. ಒಂದು ದಿನ ಲಿಂಬರ್ಟ್ "ನಿಲ್ಲಿಸಿ" ಎಂದು, ಏನು ಕೇಳುವುದೆಂದು ತಿಳಿಯದೆ ಬಹಳ ಹೊತ್ತು ಟಿವಿ ನೋಡುತ್ತ ಕೂತಿದ್ದ. ತನಗೆ ಎಲ್ಲಿ ಗೊತ್ತಿಲ್ಲ ಎಂಬುದೇ ಗೊತ್ತಾಗದ ಅವನ ಬೆನ್ನು ನೋಡಿ ನನಗೆ ಮೊದಲ ಸಲ ಅವನ ಮೇಲೆ ಕನಿಕರ ಬಂತು.

ಹೀಗಿರುವಾಗ ಗ್ರೋವರ್ ವಿಶ್ವವಿದ್ಯಾಲಯದಲ್ಲಿ ವಿಚಾರಿಸಿಕೊಂಡು ಬಂದ. ಬಿದ್ದವರಿಗೆ ಡಿಸೆಂಬರಿನಲ್ಲಿ ಎರಡನೇ ಅವಕಾಶದ ಪರೀಕ್ಷೆ ಇದೆ. ವರ್ಷದ ಮೊದಲ ಭಾಗದಲ್ಲಿ ನೀನು ತೆಗೆದ ಅಂಕ ಸಾಕು, ನೀನೂ ಕೂರಬಹುದಂತೆ. ಆದರೆ ನವೆಂಬರ್ ಮುಗಿಯುವುದರೊಳಗೆ ನೀನೇ ಬಂದು ಸಹಿ ಹಾಕಬೇಕು, ಬೇರೆಯವರು ಹಾಕುವ ಹಾಗಿಲ್ಲ. ನೀನು ಈ ವಿಷಯವನ್ನು ಓದುತ್ತಿರುವುದು ಎರಡನೇ ಸಲ. ಮೂರನೇ ಸಲ ಸೇರಿಸಿಕೊಳ್ಳುವುದಿಲ್ಲ. ಈಗ ಬಾರದಿದ್ದರೆ ಎಂಜಿನಿಯರಿಂಗ್ ಅಲ್ಲಿಗೆ ಮುಗಿಯಿತು. ಭಾನುವಾರ ಅಮ್ಮ ಇದನ್ನು ಫೋನಿನಲ್ಲಿ ನಿನಗೆ ಹೇಳಲಿಲ್ಲ. ನಾನು ಯಾಕಮ್ಮಾ ಎಂದೆ. "ಅವನಾಗೇ ಬೇಡ ಅಂದು ಹೋದೋನು. ಕರೆದು, ಬಂದು, ಮತ್ತೆ ಬಿದ್ರೆ? ಅಲ್ಲಿ ನಗ್ತಾ ಇದಾನೆ, ನಗಲಿ" ಎಂದಳು. ನೀನು ಫೋನಿನಲ್ಲಿ ನಗುವುದನ್ನು ಅವಳು ನಂಬುತ್ತಾಳೆ. ನಾನು ಇನ್ನೊಂದು ಕಿವಿಯಿಂದ ಕೇಳಿಸಿಕೊಳ್ಳುತ್ತೇನೆ.

ಲಿಂಬರ್ಟ್ ನಿನಗೆ ಸಂದೇಶ ಕಳಿಸಲು ಬರೆದು ಬರೆದು ಅಳಿಸಿದನಂತೆ. ಏನು ಬರೆದರೂ ತಮ್ಮ ಪರೀಕ್ಷೆಗಾಗಿ ನಿನ್ನನ್ನು ಕರೆದ ಹಾಗೆ ಕಾಣುತ್ತದೆ ಎಂದ. "ಹಾಗೇ ಅಲ್ವಾ ಮತ್ತೆ?" ಎಂದಳು ಅಮ್ಮ. ಅವನು "ಹೌದು, ಅದೂ ಇದೆ ಅಮ್ಮಾ. ಅದಷ್ಟೇ ಅಲ್ಲ" ಎಂದ. ಮುಖ ಕೆಂಪಾಗಿತ್ತು. ನೀನು ಬಂದರೂ ಅವರ ಜೊತೆ ಕೂರಲೇಬೇಕೆಂದಿಲ್ಲ. ಕೂರದಿದ್ದರೆ ನನಗೆ ಬೇಸರವಾಗುತ್ತದೆ, ಅವರಿಗೂ ಆಗುತ್ತದೆ. ಅದು ನಿನ್ನ ಇಷ್ಟ.

ಪೊಟ್ಟಣ ಕಟ್ಟುವ ಹೊತ್ತಾಯಿತು. ಅಮ್ಮ ಬಾಗಿಲಲ್ಲಿ ನಿಂತು, "ನನ್ನ ಆಶೀರ್ವಾದ ಬರೀ, ಹೊಟ್ಟೆ ತುಂಬ ತಿನ್ನು ಅಂತ ಬರೀ, ಹಸಿ ಟೊಮೆಟೊ ತಿಂದು ಮಲಗಬೇಡ ಅಂತ ಬರೀ" ಎನ್ನುತ್ತಿದ್ದಾಳೆ. ಎಲ್ಲವನ್ನೂ ಬರೆದಿದ್ದೇನೆ. ಸೊಕಾವೊನ್ ಗುಡಿಯ ಕನ್ಯಾಮಾತೆ ನಿನ್ನನ್ನು ಆ ದಾರಿಯ ತಿರುವುಗಳಲ್ಲಿ ಕಾಪಾಡಲಿ. ಭೂಮಿತಾಯಿ ನಿನ್ನ ಕೈಕಾಲು ಗಟ್ಟಿಯಾಗಿಡಲಿ. ನಿನ್ನ ಮೇಲೆ ನನಗೆ ಯಾವತ್ತೂ ಪ್ರೀತಿಯೇ.

ನಿನ್ನ ತಂಗಿ,
ನೆಲ್ವಾ

ತಾ.ಕ.: ಆಮೇಲೆ ಬರೆಯುತ್ತೇನೆ ಎಂದದ್ದನ್ನು ಬರೆಯದೆ ಪೊಟ್ಟಣ ಕಟ್ಟಲು ಆಗಲಿಲ್ಲ. ಅಪ್ಪ ತೀರಿಹೋದ ವರ್ಷ ನಾನು ಆರನೇ ತರಗತಿ ಮುಗಿಸಿದ್ದೆ. ಟೀಚರ್ ಮನೆಗೇ ಬಂದು, ಇವಳನ್ನು ರೈಲು ಹಳಿಯ ಆಚೆಯ ಹೈಸ್ಕೂಲಿಗೆ ಕಳಿಸಿ ಎಂದಿದ್ದರು. ನೀನು ಆಗ ಅಲ್ಲೇ ಓದುತ್ತಿದ್ದೆ. ಬೆಳಗಿನ ಜಾವ ಒಲೆ ಹಚ್ಚಲು ಅಮ್ಮನ ಜೊತೆ ಒಬ್ಬರು ಬೇಕಿತ್ತು. ಅಮ್ಮ ನನ್ನನ್ನು ಕೇಳಿದಳು, "ಹೋಗ್ತೀಯಾ ಮಗಳೇ?" ನಾನು ನಗುತ್ತ "ಬೇಡಮ್ಮಾ, ನಂಗೆ ಓದು ಇಷ್ಟ ಇಲ್ಲ" ಎಂದೆ. ಅಮ್ಮ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ನೀನು ಚೀಲ ಹೆಗಲಿಗೇರಿಸಿಕೊಂಡು ಹೊಸ್ತಿಲಲ್ಲಿ ನಿಂತಿದ್ದೆ, ನನ್ನ ಮುಖ ನೋಡಿದೆ, ಹೊತ್ತಾಯಿತೆಂದು ಓಡಿದೆ. ನಿನಗೂ ಆಗ ಹದಿನಾಲ್ಕೇ ವರ್ಷ. ನಿನ್ನ ಮೇಲಾಗಲಿ ಅಮ್ಮನ ಮೇಲಾಗಲಿ ನನಗೆ ದೂರಿಲ್ಲ. ಇನ್ನೊಂದು ಸಲ ಕೇಳಿದ್ದರೆ ಏನು ಹೇಳುತ್ತಿದ್ದೆ ಎಂದು ಎಷ್ಟೋ ಬೆಳಗಿನ ಜಾವ ಒಲೆಯ ಮುಂದೆ ಯೋಚಿಸಿದ್ದೇನೆ. ಯಾರೂ ಕೇಳಲಿಲ್ಲ. ಆ ಸಂಜೆ ನೀನು ನಗುತ್ತ ಎದ್ದು ಹೇಳಿದ್ದೂ ಅದೇ ದನಿಯಲ್ಲಿ. ಅದಕ್ಕೇ ನಾನು ನಿನ್ನನ್ನು ಕೇಳುತ್ತಿದ್ದೇನೆ, ಇದು ಎರಡನೇ ಸಲ: ನಿಜವಾಗಿ ಬೇಡವಾ ಅಣ್ಣ?